ಮೀನೆಣ್ಣೆ ಬಳಿದ ರೇಡಿಯೋ

ಉಪ್ಪುಗಾಳಿಯ ಜೊತೆ ಜಗಳವಾಡಿಯೇ ನನ್ನ ಅರ್ಧ ಆಯುಷ್ಯ ಮುಗಿಯಿತು. ಅರವತ್ತರ ದಶಕದಲ್ಲಿ ಕುಂದಾಪುರದ ಪೇಟೆಯಲ್ಲಿ ರೇಡಿಯೋ ರಿಪೇರಿಗೆ ಕುಳಿತಿದ್ದೆ. ಇವತ್ತು ಉಜ್ಜಿ ಹೊಳೆಯಿಸಿ ಕೊಟ್ಟ ತಗಡು ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು ಮತ್ತೆ ನನ್ನ ಮೇಜಿಗೇ ಬರುತ್ತಿತ್ತು. ಗಿರಾಕಿಗಳು ಬೈಯುತ್ತಿದ್ದದ್ದು ನನ್ನನ್ನು. ಕಡಲನ್ನು ಬೈಯುವ ಧೈರ್ಯ ಯಾರಿಗಿತ್ತು?

ಒಂದು ಬೆಳಿಗ್ಗೆ ಹತ್ತಿರದ ಕೋಡಿ ಊರಿನ ಕಡಲ ದಂಡೆಯಿಂದ ಹೆಂಗಸೊಬ್ಬರು ಬಂದು ಬಾಗಿಲಲ್ಲಿ ನಿಂತರು. ಗಂಡನಿಗೆ ಸ್ವಂತ ದೋಣಿ ಇತ್ತು. ಮಗಳನ್ನು ಧಾರವಾಡದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳು ತವರಿಗೆ ಬಾರದೆ ಮೂರು ವರ್ಷವಾಗಿತ್ತು. ಅಂದು ಮಧ್ಯಾಹ್ನ ಅವಳು ರೇಡಿಯೋದಲ್ಲಿ ಮದುವೆ ಹಾಡು ಹೇಳುತ್ತಾಳೆಂದು ಸುದ್ದಿ ಬಂದಿತ್ತು. ಇವರ ರೇಡಿಯೋ ನೋಡಿದರೆ ಬರೀ ಸಿಳ್ಳೆ ಹಾಕುತ್ತಿತ್ತು.

“ಅಲ್ಲಿಗ್ ಹೋಯ್ ಬಂದವ್ರೆಲ್ಲ ‘ಸುಖದಗ್ ಇತ್ತ್’ ಅಂತ್ರ್. ನಂಗೆ ಮಗ್ಳ್ ಸ್ವರ ಒಂದ್ಸಲ ಕೇಣ್ಕ್. ಕೇಂಡ್ರೆ ಗೊತ್ತಾತ್ತ್,” ಎಂದರು.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಚೀಲ ಹೆಗಲಿಗೇರಿಸಿ ಗೊಣಗುತ್ತಲೇ ಅವರ ಮನೆಗೆ ಹೊರಟೆ.

ರೇಡಿಯೋ ಪೆಟ್ಟಿಗೆಯ ಹಿಂಬದಿ ಬಿಚ್ಚಿದರೆ ಮೀನಿನ ನಾತ ಗಪ್ಪೆಂದು ಮುಖಕ್ಕೆ ಹೊಡೆಯಿತು. ಉಪ್ಪು ತಿನ್ನದಿರಲಿ ಎಂದು ಗಂಡ ಒಳಗಿನ ತಗಡಿಗೆಲ್ಲ ಮೀನೆಣ್ಣೆ ಬಳಿದಿದ್ದರು.

“ದೋಣಿಗೆ ಬಳುದ್ ಇದನ್ನೇ ಮರಾಯ್ರೆ. ಪೆಟ್ಗಿಗ್ ಎಂತ ಆತ್ತ್?” ಎಂದರು ಗಂಡ, ನಾನು ಹೊಗಳಬೇಕು ಎಂಬಂತೆ.

ವಾಲ್ವ್ ಎಂಬ ಬಿಸಿಯೇರುವ ಗಾಜಿನ ಬುರುಡೆಯ ಮೇಲೊಂದು ತಗಡಿನ ಟೊಪ್ಪಿ ಇರುತ್ತದೆ. ಅದರ ಅಂಚು ಅಡಿಯ ತಗಡಿಗೆ ಬರಿ ಮೈಯಲ್ಲಿ ತಾಗಿದರೆ ಮಾತ್ರ ಒಂದು ಕಡೆಯ ಗಲಾಟೆ ಇನ್ನೊಂದು ಕಡೆಗೆ ದಾಟುವುದಿಲ್ಲ. ನಡುವೆ ತುಕ್ಕೋ ಎಣ್ಣೆಯೋ ಸೇರಿಕೊಂಡರೆ ಟೊಪ್ಪಿ ಇದ್ದೂ ಇಲ್ಲದ ಹಾಗೆ. ರೇಡಿಯೋ ತನ್ನಷ್ಟಕ್ಕೆ ತಾನೇ ಕಿರುಚುತ್ತದೆ. ಒಣಗಿ ಅಂಟಾಗಿದ್ದ ಎಣ್ಣೆಯನ್ನು ಚಾಕುವಿನಿಂದ ಕೆರೆದೆ. ಅಡಿಯಲ್ಲಿ ತುಕ್ಕು. ಅದನ್ನೂ ಕೆರೆದೆ. ಟೊಪ್ಪಿಯನ್ನು ಹಿಡಿದಿಡುವ ಕ್ಲಿಪ್ಪನ್ನು ಮಾತ್ರ ಉಪ್ಪು ಯಾವತ್ತೋ ತಿಂದು ಮುಗಿಸಿತ್ತು. ಪೇಟೆಗೆ ಹೋಗಿ ಬೇರೆ ತರುವಷ್ಟು ಹೊತ್ತಿರಲಿಲ್ಲ. ಹೋಗಿ ಬರುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ರೇಡಿಯೋ ಹಾಕಿ, ಹೆಗಲ ಮೇಲಿದ್ದ ಬೈರಾಸನ್ನು ಕೈಗೆ ಸುತ್ತಿಕೊಂಡು ಟೊಪ್ಪಿಯನ್ನು ಒತ್ತಿ ಹಿಡಿದೆ. ಸಿಳ್ಳೆ ನಿಂತಿತು. ಅಷ್ಟರಲ್ಲಿ ಹಾಡು ಶುರುವಾಯಿತು. ಮಗಳು ಮೊದಲು ಹೇಳುವುದು, ಉಳಿದ ಹೆಂಗಸರು ಹಿಂದಿನಿಂದ ಎಳೆಯುವುದು. ಬಟ್ಟೆಯೊಳಗೂ ಬೆರಳು ಸುಡುತ್ತಿತ್ತು. ಇದೇನು ಕರ್ಮ ಎನಿಸಿತು. ಆದರೂ ಬಿಡಲಿಲ್ಲ. ಸ್ವರ ನೀರಿನಷ್ಟು ತಿಳಿಯಾಗಿ ಬಂತು. ಸಾಲು ಸಾಲಿಗೂ ಅವಳು ಉಸಿರೆಳೆದುಕೊಳ್ಳುವುದು ಸಹ ಕೇಳಿಸುತ್ತಿತ್ತು.

ಹಾಡು ಮುಗಿಯಿತು. ನಾನು ಕೈ ತೆಗೆದೆ. ನನಗೆ ಒಳಗೊಳಗೇ ಖುಷಿಯಾಗಿತ್ತು.

“ನಮ್ ಹೆಣ್ಣ್ ಸೋತ್ ಹೋಯ್ತ್,” ಎಂದರು ಆ ತಾಯಿ.

“ಹಾಂಗಲ್ಲ ಅಮ್ಮ, ಪೆಟ್ಗಿ ಹಳತಾಯ್ತಲೆ, ಸ್ವರ ಹಾಂಗೇ ಕೇಂತ್,” ಎಂದೆ.

“ಇಲ್ಲೆ. ನೀವ್ ಲಾಯ್ಕ್ ಮಾಡ್ಕೊಟ್ರಿ. ಅದ್ಕೇ ಅದ್ರ್ ಉಸ್ರ್ ಕೇಂಡ್ ಗೊತ್ತಾಯ್ತ್.”

ಗೋಡೆಗೊರಗಿ ಕೂತಿದ್ದ ಗಂಡ ಎದ್ದು ಅಂಗಿ ಹಾಕಿಕೊಂಡರು. ಧಾರವಾಡಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದರು.