ದೊಡ್ಡಮ್ಮ ಏರಿಸಿದ ತೂಕ

ಮಾರ್ಕೆಟ್ಟಿನಲ್ಲಿ ನಮ್ಮ ದೊಡ್ಡಮ್ಮನಿಗೆ ತಕ್ಕಡಿ ದೊಡ್ಡಮ್ಮ ಅಂತಲೇ ಹೆಸರು. ತರಕಾರಿ ವ್ಯಾಪಾರದಲ್ಲೇ ಕೂದಲು ಹಣ್ಣಾದರೂ ತೂಕದಲ್ಲಿ ಒಂದು ಮೆಣಸಿನಕಾಯಿಯಷ್ಟೂ ಮೋಸ ಮಾಡಿದವಳಲ್ಲ. ಚೌಕಾಸಿಗೆ ನಿಂತವರ ಮಾನ ಮಾತ್ರ ಮೂರು ಕಾಸಿಗೆ ಹರಾಜು. ಇಂಥವಳು ಜೀವನದಲ್ಲಿ ಒಮ್ಮೆ ತೂಕದಲ್ಲಿ ಕೈಚಳಕ ತೋರಿಸಿದಳು, ಅದೂ ಸ್ವಂತ ಮೊಮ್ಮಗನ ತೂಕದಲ್ಲಿ.

ಅವಳ ಮಗಳು, ನನ್ನ ಅಕ್ಕ, ಏಳನೇ ತಿಂಗಳಿಗೇ ಹೆತ್ತಳು. ಮಗು ಅಂಗೈಯಗಲ. ರಕ್ತ ಹೋಗಿ ಅಕ್ಕ ಮೇಲಿನ ವಾರ್ಡಿನಲ್ಲಿ ಹಾಸಿಗೆ ಹಿಡಿದಿದ್ದಳು. ಕೆಳಗೆ ಮಗುವನ್ನು ಎದೆಗವಚಿಕೊಂಡು ಕೂರುವ ಕೆಲಸ ದೊಡ್ಡಮ್ಮನದು, ಇಬ್ಬರಿಗೂ ಊಟ ಸಾಗಿಸುವ ಚಾಕರಿ ನನ್ನದು. ಬೆಳಿಗ್ಗೆ ನರ್ಸು ಮಗುವನ್ನು ತೂಗಿ, ಖಾಲಿ ಡಯಾಪರಿನ ತೂಕ ಕಳೆದು ಕಂಪ್ಯೂಟರಿಗೆ ಹಾಕಿ, ಅಕ್ಕನಿಗೂ ಫೋನಿನಲ್ಲಿ ಹೇಳುತ್ತಿದ್ದಳು. ತೂಕ ಏರಿದರೆ ಅಕ್ಕ ನಾಲ್ಕು ತುತ್ತು ಉಣ್ಣುತ್ತಿದ್ದಳು. ಏರದಿದ್ದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಹೆತ್ತ ಕರುಳು ಎಷ್ಟು ದಿನ ಸುಮ್ಮನಿದ್ದೀತು? ದೊಡ್ಡಮ್ಮ ಡಯಾಪರಿನೊಳಗೆ ಬಟ್ಟೆ ಮಡಿಸಿಡತೊಡಗಿದಳು, ದಿನದಿಂದ ದಿನಕ್ಕೆ ಒಂದು ಮಡಿಕೆ ಹೆಚ್ಚು.

ಕಣ್ಣಿನ ಡಾಕ್ಟರು ಬರುವುದು ವಾರಕ್ಕೊಮ್ಮೆ. ಹೋದ ವಾರದಂತೆ ಈ ವಾರವೂ ಕಂಪ್ಯೂಟರ್ ನೋಡಿ, "ತೂಕ ಚೆನ್ನಾಗಿ ಏರ್ತಿದೆ, ಅಪಾಯ ಕಮ್ಮಿ ಅಂತ ತೋರಿಸ್ತಿದೆ. ಮುಂದಿನ ಸಲ ನೋಡೋಣ" ಅಂದರು. ದೊಡ್ಡಮ್ಮ ಹಿಗ್ಗಿದ್ದೇ ಹಿಗ್ಗಿದ್ದು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ತಾಯಿಗೆ ಅವರು ಹೇಳಿದ್ದು ಕಿವಿಗೆ ಬಿತ್ತು.

"ಬೇಗ ಹುಟ್ಟಿದ ಮಕ್ಕಳಿಗೆ ಕಣ್ಣೊಳಗಿನ ರಕ್ತನಾಳ ಪೂರ್ತಿ ಬೆಳೆದಿರಲ್ಲ. ತೂಕ ಏರದಿದ್ರೆ ಅವು ಅಡ್ಡಾದಿಡ್ಡಿ ಬೆಳೆಯೋ ಭಯ ಜಾಸ್ತಿ. ಅದಕ್ಕೇ ಇವನನ್ನ ಮೊದಲು ನೋಡಿದೆ. ತಡವಾದ್ರೆ ದೃಷ್ಟಿನೇ ಹೋಗುತ್ತೆ."

ದೊಡ್ಡಮ್ಮ ದಡಬಡಿಸಿ ಎದ್ದಳು. ಡಾಕ್ಟರು ಆಗಲೇ ಲಿಫ್ಟಿನ ಹತ್ತಿರ ಹೋಗಿದ್ದರು. ಮಗುವನ್ನು ನರ್ಸಿನ ಕೈಗಿಟ್ಟು ಓಡಿದಳು.

"ಡಾಕ್ಟ್ರೇ, ಆ ತೂಕ ಸುಳ್ಳು! ನಾನೇ ಬಟ್ಟೆ ತುರುಕಿದ್ದು. ನನಗೆ ಬೈದ್ರೂ ಸರಿ, ಹೊಡೆದ್ರೂ ಸರಿ, ಮಗೂನ ನೋಡಿ!"

ಬಟ್ಟೆ ಬಿಚ್ಚಿ ತೂಗಿದರು. ಮಗುವಿನ ತೂಕ ಇದ್ದಲ್ಲೇ ಇತ್ತು. ಡಾಕ್ಟರು ಹನಿ ಹಾಕಿ, ಕಾದು, ರೆಪ್ಪೆ ಬಿಡಿಸಿ ಬೆಳಕು ಬಿಟ್ಟು ನೋಡಿದರು.

"ಎಡಗಣ್ಣು ಇವತ್ತೇ ಲೇಸರ್ ಮಾಡಿದ್ರೆ ಉಳೀಬಹುದು. ಬಲಗಣ್ಣಿನ ವಿಷಯ ಏನೂ ಹೇಳಲಾರೆ. ಹೋದ ವಾರವೇ ಸಿಕ್ಕಿದ್ರೆ..." ಅಂದರು.

ತಾಯಿಯ ಒಪ್ಪಿಗೆ ಬೇಕಿತ್ತು. ನಾನೇ ಹೇಳ್ತೀನಿ ಅಂದರೆ ದೊಡ್ಡಮ್ಮ ಕೇಳಲಿಲ್ಲ. ಮೆಟ್ಟಿಲು ಹತ್ತಿ, ಅಕ್ಕನ ಮುಂದೆ ನಿಂತು, ಒಂದೂ ಮುಚ್ಚಿಡದೆ ಹೇಳಿದಳು. ನನಗೋ ಅವಳ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು. ಆದರೆ ಅವಳು ನಿಂತಿದ್ದ ರೀತಿ ನೋಡಿ ಅವಳ ಪಕ್ಕಕ್ಕೇ ಹೋಗಿ ನಿಂತೆ.

ಅಕ್ಕ ಸಹಿ ಹಾಕಿದಳು. ಅಮ್ಮನ ಮುಖ ನೋಡದೆ ಅಂದಳು: "ಇನ್ಮೇಲೆ ಅವನನ್ನ ನೀನು ಎತ್ಕೋಬೇಡ."

"ಆಯ್ತು ಮಗಳೇ."

ಕೆಳಗೆ ಬಂದರೆ ಮಗು ಒಂದೇ ಸಮನೆ ಅಳುತ್ತಿತ್ತು. ಆಪರೇಷನ್ ಕೋಣೆ ಸಿದ್ಧವಾಗುವವರೆಗೆ ಹಿಡಿದುಕೊಳ್ಳಿ ಅಂತ ನರ್ಸು ದೊಡ್ಡಮ್ಮನ ಕಡೆಗೇ ಚಾಚಿದಳು. ದೊಡ್ಡಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಇವಳ ಕೈಗೆ ಕೊಡಮ್ಮಾ" ಅಂತ ನನ್ನ ಕಡೆ ಕಣ್ಣು ಮಾಡಿದಳು.

ನಾನು ಎತ್ತಿಕೊಂಡೆ. ಮಗು ಅಳು ನಿಲ್ಲಿಸಲೇ ಇಲ್ಲ.