ಎಲ್ಲಿಗಾದರೂ ಕಳುಹಿಸು ಎಂದವಳು

ಪ್ರಾರ್ಥನೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಆಗ ಹತ್ತೊಂಬತ್ತರ ವಯಸ್ಸು. ಗೋರೆಗಾಂವ್‌ನ ನಮ್ಮ ಚಾಳಿನಲ್ಲಿ ಶನಿವಾರ ಮಧ್ಯಾಹ್ನ ಧಾರವಾಡ, ಗದಗ ಕಡೆಯ ಕ್ರೈಸ್ತ ಹೆಂಗಸರು ಕೂಡುತ್ತಿದ್ದರು. ದೇವರ ಸೇವೆಗೆ ಮೊದಲು ಹೃದಯ ಸಿದ್ಧವಾಗಬೇಕು ಎಂದು ಪಾದ್ರಿಗಳ ಹೆಂಡತಿ ಅಮ್ಮನವರು ಹೇಳಿದ ದಿನ, ನಾನು ಕಣ್ಣು ಮುಚ್ಚಿ, ದನಿ ನಡುಗಿಸಿ, "ಕರ್ತನೇ, ಯಾರೂ ಹೋಗದ ಕಡೆ ಎಲ್ಲಿಗಾದರೂ ನನ್ನನ್ನು ಕಳುಹಿಸು" ಎಂದುಬಿಟ್ಟೆ. ಇಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೋ ಒಳಗೊಳಗೇ ಹಿಗ್ಗು.

ಆಮೆನ್ ಆದೊಡನೆ ಅಮ್ಮನವರು ಹತ್ತಿರ ಬಂದರು. "ಛಲೋ ಆತು ನೋಡವಾ. ಕುರ್ಲಾದಾಗ ನಮ್ಮ ಕಡೀ ಹೆಣ್ಮಗಳೊಬ್ಬಾಕಿ ಕ್ಷಯ ಆಗಿ ಮಲಗ್ಯಾಳ. ಅಕೀ ಮನಿಗೆ ಯಾರೂ ಹೋಗವಲ್ರು. ಸೋಮವಾರ ನನ್ನ ಕೂಡ ಬಾ. ಬರ್ತೀವಂತ ಹೇಳಿ ಕಳಸ್ತೀನಿ."

ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ! ಕ್ಷಯವೆಂದರೆ ಏನೆಂದು ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅದೇ ಬೇನೆಯಿಂದ ನನ್ನ ಅಕ್ಕ ನಮ್ಮ ಒಂದೇ ಖೋಲಿಯ ಮನೆಯಲ್ಲಿ, ನನ್ನ ಕಣ್ಣೆದುರೇ ಹೋಗಿದ್ದಳು. ಸೋಮವಾರದವರೆಗೆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಸ್ವಲ್ಪ ಕೆಮ್ಮು ಬಂದರೂ ಕರ್ಚೀಫು ಬಿಡಿಸಿ ರಕ್ತವಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಹೃದಯ ಸಿದ್ಧವಾಗುವ ಮಾತು ಹಾಗಿರಲಿ, ಸೋಮವಾರ ಲೋಕಲ್ ರೈಲೇ ಬಂದ್ ಆಗಲಿ ಎಂದು ಬೇಡಿಕೊಂಡೆ. ಗಾಡಿ ಸರಿಯಾದ ಹೊತ್ತಿಗೇ ಬಂತು, ದರಿದ್ರದ್ದು.

ಕುರ್ಲಾದ ಚಾಳಿನ ಮೆಟ್ಟಿಲನ್ನು ಅಮ್ಮನವರ ಹಿಂದೆ ಹತ್ತಿದೆ. "ನೀ ಒಳಗ ಮಾತಾಡ್ತಿರು, ನಾ ಅಕೀಗೆ ಹಾಲು ತರ್ತೀನಿ" ಎಂದು ಅಮ್ಮನವರು ಬಾಗಿಲಲ್ಲೇ ನನ್ನನ್ನು ಬಿಟ್ಟು ಕೆಳಗಿಳಿದರು.

ಕಿಟಕಿ ಪೂರ್ತಿ ತೆರೆದಿತ್ತು. ಆಚೆ ಗೋಡೆಗೆ ಒತ್ತಿದ ಮಂಚದ ಮೇಲೆ ಅವಳು ಬಾಯಿಗೆ ಸೆರಗು ಬಿಗಿಹಿಡಿದು ಕೂತಿದ್ದಳು. ನನಗೆಂದು ಒಂದು ಸ್ಟೂಲು ಬಾಗಿಲ ಬಳಿಯೇ ಇತ್ತು. ಪಕ್ಕದ ಪೆಟ್ಟಿಗೆಯ ಮೇಲೆ ಬಸಿತಟ್ಟೆ ಮುಚ್ಚಿದ ಚಹಾದ ಕಪ್ಪು.

"ಅಲ್ಲೇ ಕುಂಡ್ರವಾ, ಗಾಳಿ ಬರ್ತದ. ಚಹಾ ನಾ ಮಾಡಿಲ್ಲ, ಬಾಜೂ ಮನಿಯಾಕಿ ಮಾಡ್ಯಾಳ. ಕಪ್ಪೂ ಅಕೀದ. ನಾ ಮುಟ್ಟಿಲ್ಲ, ಅಂಜಬ್ಯಾಡ."

ನಾಚಿಕೆಯಿಂದ ಸತ್ತುಹೋದೆ. ಆ ಎರಡು ದಿನ ನಾನು ನನ್ನ ಜೀವಕ್ಕೆ ಹೆದರಿ ಒದ್ದಾಡಿದ್ದೆ; ಇವಳು ಮಲಗಿದಲ್ಲಿಂದಲೇ ನನ್ನ ಹೆದರಿಕೆಗೆ ಏನೇನು ಬೇಕೋ ಅದನ್ನೆಲ್ಲ ಅಣಿ ಮಾಡಿಸಿದ್ದಳು.

ಚಹಾ ಕುಡಿದೆ. ಪ್ರಾರ್ಥನೆಗೆ ಬಾಯಿ ತೆರೆದರೆ ಒಂದು ಮಾತೂ ಬರಲಿಲ್ಲ. ಕಾದು ಕಾದು ಅವಳೇ ಸೆರಗಿನೊಳಗಿಂದ ಶುರುಮಾಡಿದಳು. "ಯಪ್ಪಾ ದೇವರೇ, ಈ ಹುಡುಗಿಗೆ ನನ್ನ ಬ್ಯಾನಿ ಹತ್ತಗೊಡಬ್ಯಾಡ. ಇಕಿ ಸುಖರೂಪ ಮನಿ ಮುಟ್ಟಲಿ." ತನಗಾಗಿ ಏನನ್ನೂ ಕೇಳಲಿಲ್ಲ.

ನಾನು ಸ್ಟೂಲು ಎತ್ತಿಕೊಂಡು ಮಂಚದ ಹತ್ತಿರ ಹೋದೆ. ಹೆದರಿಕೆ ಹೋಗಿತ್ತು ಎಂದರೆ ಸುಳ್ಳಾದೀತು. "ಬ್ಯಾಡವಾ, ದೂರ ಸರಿ" ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಬೆನ್ನ ಮೇಲೆ ಕೈಯಿಟ್ಟೆ. ಬರೀ ಎಲುಬು. ಅವಳು ಒಮ್ಮೆಲೇ ಅಳತೊಡಗಿದಳು.

"ಐದು ತಿಂಗಳಾತವಾ, ನನ್ನ ಯಾರೂ ಮುಟ್ಟಿಲ್ಲ."

ಬೆನ್ನ ಮೇಲಿಟ್ಟ ಕೈಯನ್ನು ನಾನು ತೆಗೆಯಲಿಲ್ಲ.