ಕೊಟ್ಟಿಗೆಯ ಪಾನಗೋಷ್ಠಿ

ಎಪ್ಪತ್ತರ ದಶಕದ ಮಾತು. ಮದುವೆಯಾಗಿ ಬೂದಿಗೆರೆಗೆ ಬಂದ ನನಗೆ ಅದು ಮೊದಲ ಯುಗಾದಿ. ಮರುದಿನ ಹೊಸತೊಡಕು; ಮನೆಮಂದಿಗೆಲ್ಲ ಬಾಡಿನ ಸಾರು, ಗಂಡಸರಿಗೆ ಹೆಂಡ. ಹೆಂಡದ ಮಡಕೆ ಹೊಸಿಲು ದಾಟಕೂಡದೆಂದು ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಮಾವ ಮತ್ತು ಅವರ ಮೂವರು ಗೆಳೆಯರು ಕೊಟ್ಟಿಗೆಯಲ್ಲಿ ಕೂತು, ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತ ಹಾಡುತ್ತಿದ್ದರು.

ಮಧ್ಯಾಹ್ನ ಹಾಡು ತಟ್ಟನೆ ನಿಂತಿತು. ದಿನ ತುಂಬಿದ ಹಸು ಈಯಲಾರದೆ ನರಳುತ್ತಿತ್ತು. ಕರುವಿನ ಒಂದು ಕಾಲು ಒಳಗೇ ಮಡಚಿಕೊಂಡಿತ್ತು.

"ಹೆಂಗಾದ್ರೂ ಮಾಡಿ ಹಸಾನ ಉಳಿಸ್ಕೊಡಿ" ಎಂದು ಅತ್ತೆ ಅತ್ತರು.

ನೆಟ್ಟಗೆ ನಿಲ್ಲಲಾರದ ಮಾವ ಮೊಣಕೈವರೆಗೂ ಹರಳೆಣ್ಣೆ ಸವರಿಕೊಂಡು, ಮಂಡಿಯೂರಿ, ಕಣ್ಣು ಮುಚ್ಚಿ ಒಳಗೆ ಕೈಹಾಕಿದರು. ಆ ಕೈ ಒಂದಿಷ್ಟೂ ನಡುಗಲಿಲ್ಲ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಹಸು ತಿರುಗಿ ಅದನ್ನು ನೆಕ್ಕತೊಡಗಿತು.

ನಮ್ಮ ಜಗುಲಿ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಕರು ನೋಡಲು ಬಂದವರು ಹೆಂಡದ ಮಡಕೆ ಕಂಡು ನನಗೆ ಹೇಳಿದರು: "ಇಂಥ ಕುಡಿತದ ಕೂಟಕ್ಕೆ ಹಳೇ ಕಾವ್ಯದಲ್ಲಿ ಪಾನಗೋಷ್ಠಿ ಅಂತಾರಮ್ಮ. ಸಂಸ್ಕೃತದಲ್ಲಿ ಗೋಷ್ಠ ಅಂದ್ರೆ ದನದ ಕೊಟ್ಟಿಗೆ. ದನ ಕಟ್ಟೋ ಕಡೆ ಜನ ಸೇರ್ತಿದ್ರು, ಆ ಸೇರೋದೇ ಗೋಷ್ಠಿ ಆಯ್ತು."

"ಹಂಗಾದ್ರೆ ಈ ಕುಡುಕ್ರು ಆವತ್ತಿಂದ್ಲೂ ಕೊಟ್ಟಿಗೇಲೇ ಬಿದ್ದವ್ರೆ ಅನ್ನಿ!" ಅತ್ತೆ ಕಣ್ಣೊರೆಸಿಕೊಂಡು ನಕ್ಕರು.

ಗೋಷ್ಠಿ ಎಂಬ ಮಾತು ಯಾವ ಕಾಲದ್ದೋ ಏನೋ, ಅದು ಹುಟ್ಟಿದ್ದು ಇಂಥದೇ ಗಂಜಲದ ನೆಲದಲ್ಲಿ ಎಂದು ನನಗೆ ಮೈ ಜುಮ್ಮೆಂದಿತು.

ಅತ್ತೆ ಒಳಗೆ ಹೋಗಿ ನಾಲ್ಕು ಹಿತ್ತಾಳೆ ಲೋಟ ತಂದು ಆ ನಾಲ್ವರ ಮುಂದಿಟ್ಟರು. ಮಡಕೆ ಮಾತ್ರ ಹೊಸಿಲಾಚೆಯೇ ಉಳಿಯಿತು.